ಹೊಟ್ಟೆ ಬಿಟ್ಟ ಗೋಡೆ

ಮೂರು ಕಡೆ ಕಡಲು, ಒಂದು ಕಡೆ ಭಯ. ಅಂಥದೊಂದು ನೆಲದಲ್ಲಿ ಒಬ್ಬ ಸಾಹುಕಾರನಿದ್ದ.

ಅವನಿಗೂ ಒಂದು ಹೆಸರಿತ್ತು, ಗ್ರೀಕರ ಹೆಸರು. ಅದು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ, ನಿಮ್ಮ ನೆನಪಿನಲ್ಲಿ ನಿಲ್ಲುವುದಿಲ್ಲ. ಸಾಹುಕಾರ ಅಂದುಕೊಂಡರೆ ಸಾಕು. ಇದು ಎರಡು ಸಾವಿರದ ನಾನೂರು ವರ್ಷದ ಹಿಂದಿನ ಮಾತು.

ಒಂದು ಸಲ ನಿಮ್ಮ ತೋಳನ್ನು ಮುಂದಕ್ಕೆ ಚಾಚಿ ನೋಡಿ. ಆ ನೆಲ ಹಾಗೇ ಇತ್ತು, ಕಡಲಿನೊಳಕ್ಕೆ ಚಾಚಿದ ಉದ್ದನೆಯ ತೋಳು. ಭುಜದ ಹತ್ತಿರ ಮಾತ್ರ ಅದು ದೊಡ್ಡ ನೆಲಕ್ಕೆ ಅಂಟಿಕೊಂಡಿತ್ತು. ತೋಳಿನ ಒಂದು ಮಗ್ಗುಲಲ್ಲಿ ಇಕ್ಕಟ್ಟಾದ ಜಲಸಂಧಿ. ದೂರದ ಅಥೆನ್ಸ್ ಪಟ್ಟಣದ ಜನ ಊಟ ಮಾಡಬೇಕಾದರೆ ಗೋಧಿ ತುಂಬಿದ ಹಡಗುಗಳು ಆ ಜಲಸಂಧಿಯಲ್ಲೇ ಹಾದುಹೋಗಬೇಕು. ಹಾಗಾಗಿ ಅಥೆನ್ಸಿಗೆ ಆ ನೆಲ ಬೇಕು. ಅಥೆನ್ಸನ್ನು ಹಸಿವಿನಿಂದ ಬಗ್ಗಿಸಬೇಕು ಅಂದುಕೊಂಡಿದ್ದ ಸ್ಪಾರ್ಟಾದವರಿಗೂ ಅದೇ ನೆಲ ಬೇಕು. ಒಂದು ವರ್ಷ ಇವರ ದಂಡು ಬಂದರೆ ಇನ್ನೊಂದು ವರ್ಷ ಅವರ ದಂಡು. ಅಲ್ಲಿನ ಜನ ಸದಾ ಕಡಲಿನ ಕಡೆ ಮುಖ ಮಾಡಿ ಯಾರ ಹಡಗು ಬಂತು ಅಂತ ನೋಡುತ್ತಿದ್ದರು.

ಅಪಾಯ ಬರುತ್ತಿದ್ದದ್ದು ಎಲ್ಲಿಂದ? ಬೆನ್ನ ಹಿಂದಿನಿಂದ. ಬಡಗಣದ ಥ್ರೇಸ್ ನಾಡಿನ ಕುದುರೆ ಸವಾರರು ಪ್ರತಿ ಕೊಯ್ಲಿನ ಕಾಲಕ್ಕೆ ಆ ಭುಜದ ಕಡೆಯಿಂದ ಇಳಿಯುತ್ತಿದ್ದರು. ಕಣದಲ್ಲಿದ್ದ ಕಾಳು ಹೋಗುತ್ತಿತ್ತು, ಕೊಟ್ಟಿಗೆಯ ದನ ಹೋಗುತ್ತಿತ್ತು, ಮನೆಯ ಹೆಣ್ಣುಮಕ್ಕಳೂ ಹೋಗುತ್ತಿದ್ದರು. ಹೋದವರು ತಿರುಗಿ ಬರುತ್ತಿರಲಿಲ್ಲ.

ಒಂದು ವರ್ಷ ಸ್ಪಾರ್ಟಾದ ದಂಡನಾಯಕನೊಬ್ಬ ಬಂದ. ಭುಜದ ಹತ್ತಿರ ನೆಲ ಎಷ್ಟು ಅಗಲವಿದೆ ಅಂತ ಅಳೆಸಿದ. ಬೆಳಿಗ್ಗೆ ಹೊರಟವನು ಬಿಸಿಲೇರುವುದರೊಳಗೆ ಈ ಕಡಲಿನಿಂದ ಆ ಕಡಲಿಗೆ ನಡೆದು ಮುಟ್ಟುತ್ತಿದ್ದ, ಅಷ್ಟೇ. ಅಡ್ಡಲಾಗಿ ಒಂದು ಗೋಡೆ ಎದ್ದರೆ ಒಳಗಿನ ಹತ್ತಾರು ಊರು ಬದುಕುತ್ತವೆ. ಆತ ಆ ಗೋಡೆಯನ್ನು ತುಂಡು ತುಂಡಾಗಿ ಪಾಲು ಹಾಕಿದ. ಚೀಟಿ ಎತ್ತಿಸಿ ಒಂದೊಂದು ಮನೆಗೆ ಒಂದೊಂದು ಪಾಲು ಕೊಟ್ಟ. ಯಾರು ಮೊದಲು ಮುಗಿಸುತ್ತಾರೋ ಅವರಿಗೆ ಊರೆಲ್ಲ ಸೇರಿದ ಕಡೆ ಎಲೆಯ ಕಿರೀಟ ತೊಡಿಸುತ್ತೇನೆ ಅಂದ. ಗೋಡೆ ಬೇಗ ಏಳಲಿ ಅನ್ನುವುದು ಆತನ ಲೆಕ್ಕ. ಗಟ್ಟಿಯಾಗಿ ಕಟ್ಟಿದವರಿಗೆ ಕಿರೀಟ ಅಂತ ಆತ ಅನ್ನಲಿಲ್ಲ, ನೋಡಿ. ಮೊದಲು ಮುಗಿಸಿದವರಿಗೆ ಅಂದ.

ನಮ್ಮ ಸಾಹುಕಾರ ಕೆಟ್ಟವನೇನಲ್ಲ. ಹಸಿದವರಿಗೆ ಊಟ ಹಾಕುತ್ತಿದ್ದ, ಆಳುಗಳನ್ನು ಹೊಡೆಯುತ್ತಿರಲಿಲ್ಲ. ಆದರೆ ಯಾವುದರಲ್ಲೂ ಎರಡನೆಯವನಾಗಿರುವುದು ಅವನಿಗೆ ಗೊತ್ತಿರಲಿಲ್ಲ. ಊರ ಪಂಕ್ತಿಯಲ್ಲಿ ಮೊದಲ ಎಲೆ ಅವನದು, ಬಂದರಿನಲ್ಲಿ ಮೊದಲ ಹಡಗು ಅವನದು. ಅವನ ಪಾಲಿನ ಪಕ್ಕದ ಪಾಲು ಒಬ್ಬ ಕುಂಬಾರ ಹೆಂಗಸಿಗೆ ಬಂದಿತ್ತು. ಗಂಡ ಸತ್ತವಳು, ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ನಿಧಾನವಾಗಿ ಕಲ್ಲು ಹೊರುತ್ತಿದ್ದಳು. ಅವಳನ್ನು ಕಂಡರೆ ಅವನಿಗೆ ನಗು ಬರುತ್ತಿತ್ತು.

ಕಲ್ಲಿನ ದಪ್ಪ ಗೋಡೆ ಕಟ್ಟುವುದನ್ನು ನೀವು ನೋಡಿರಬೇಕು. ಹೊರಗೊಂದು ಮುಖ, ಒಳಗೊಂದು ಮುಖ, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಮುಖ ಬೇರೆ ಬೇರೆಯಾಗಿ ನಿಂತರೆ ಆಗುವುದಿಲ್ಲ. ಅಲ್ಲಲ್ಲಿ ಉದ್ದನೆಯ ಒಂದೊಂದು ಕಲ್ಲನ್ನು ಆ ಮುಖದಿಂದ ಈ ಮುಖಕ್ಕೆ ಅಡ್ಡಲಾಗಿ ಇಡಬೇಕು. ಆ ಅಡ್ಡಗಲ್ಲು ಎರಡನ್ನೂ ಹಿಡಿದುಕೊಂಡಿರುತ್ತದೆ. ಅಂಥ ಕಲ್ಲು ಹತ್ತಿರದಲ್ಲಿ ಸಿಗುತ್ತಿರಲಿಲ್ಲ, ದೂರದ ಗುಡ್ಡದಿಂದ ಎತ್ತಿನ ಬಂಡಿಯಲ್ಲಿ ತರಬೇಕಿತ್ತು. ಒಂದು ಕಲ್ಲಿಗೆ ಎರಡು ದಿನ.

ಸಾಹುಕಾರನ ಮೇಸ್ತ್ರಿ ಮುದುಕ, ಒಂದು ಕಾಲು ಕುಂಟು. ಅವನು ಬಂದು ಅಡ್ಡಗಲ್ಲು ತರಿಸಿ ಅಂದ. ಸಾಹುಕಾರ ಆಚೆ ಈಚೆ ನೋಡಿದ. ಎಡಗಡೆಯವರ ಗೋಡೆ ಆಗಲೇ ಎದೆಮಟ್ಟಕ್ಕೆ ಬಂದಿತ್ತು.

"ಹೊರಗಿಂದ ನೋಡಿದ್ರೆ ಗೊತ್ತಾಗುತ್ತೇನೋ ಮೇಸ್ತ್ರಿ, ಒಳಗೆ ಅಡ್ಡಗಲ್ಲಿದೆಯೋ ಇಲ್ಲವೋ ಅಂತ?"

"ಗೊತ್ತಾಗಲ್ಲ ಧಣಿ. ಗೋಡೆಗೆ ಗೊತ್ತಾಗುತ್ತೆ."

"ಗೋಡೆಗೆ ಬಾಯಿಲ್ಲ. ನೀನೂ ಮುಚ್ಕೊಂಡಿರು."

ಮೇಸ್ತ್ರಿ ಕುಂಟುತ್ತಾ ಕೆಲಸಕ್ಕೆ ಹಿಂದಿರುಗಿದ. ಅನ್ನ ಕೊಡುವವನ ಎದುರು ಎಷ್ಟು ಜನ ಎರಡನೇ ಸಲ ಬಾಯಿ ಬಿಡುತ್ತಾರೆ, ಹೇಳಿ. ಗೋಡೆ ಎದ್ದಿತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ನುಣ್ಣಗೆ ಎದ್ದಿತು. ಕುಂಬಾರ ಹೆಂಗಸು ಕೊನೆಯವಳಾಗಿ ಮುಗಿಸಿದಳು. ಅವಳ ಗೋಡೆಯಲ್ಲಿ ಅಡ್ಡಗಲ್ಲಿನ ತುದಿಗಳು ಹಲ್ಲಿನ ಹಾಗೆ ಹೊರಗೆ ಚಾಚಿಕೊಂಡಿದ್ದವು. ನೋಡಲು ವಿಕಾರ.

ಕಿರೀಟ ತೊಡಿಸುವ ದಿನ ಜನ ಸೇರಿದರು. ದಂಡನಾಯಕ ಸಾಹುಕಾರನ ತಲೆಗೆ ಎಲೆ ತೊಡಿಸಿದ, ಜನ ಕೂಗಿದರು. ಅಷ್ಟಕ್ಕೇ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ದಂಡನಾಯಕ ಇನ್ನೊಂದು ಮಾತು ಸೇರಿಸಿದ. ಸವಾರರು ಬಂದ ಸುದ್ದಿ ಸಿಕ್ಕ ಕೂಡಲೇ ಮುದುಕರು, ಬಸುರಿಯರು, ಮಕ್ಕಳು ಎಲ್ಲರೂ ಈ ಸಾಹುಕಾರನ ಗೋಡೆಯ ಹಿಂದೆ ಬಂದು ಕೂರಲಿ. ಇದೇ ನಮ್ಮ ಮೊದಲ ಗೋಡೆ, ಇದೇ ಊರಿಗೆ ಆಸರೆ.

ಎಲೆಯ ಕಿರೀಟದ ಕೆಳಗೆ ಸಾಹುಕಾರನಿಗೆ ಅಡ್ಡಗಲ್ಲಿನ ನೆನಪಾಯಿತು. ಆಗ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಸ್ವಾಮಿ, ಬೇಡ, ನನ್ನದರಲ್ಲಿ ಅಡ್ಡಗಲ್ಲು ಇಲ್ಲ. ಎಷ್ಟು ಸಣ್ಣ ಮಾತು! ಅವನು ಕೈಮುಗಿದು ನಕ್ಕ.

ಅವತ್ತಿನಿಂದ ಭಯ ಅವನ ಮನೆಯಲ್ಲೇ ಉಳಿದುಕೊಂಡಿತು. ಬೆಳಿಗ್ಗೆ ಎದ್ದ ಕೂಡಲೇ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಸವರುತ್ತಿದ್ದ. ಕಿವಿಯಿಟ್ಟು ಕೇಳುತ್ತಿದ್ದ. ಒಳಗೆ ಮಣ್ಣು ಸರ್ರನೆ ಜಾರಿದ ಹಾಗೆ ಕೇಳಿಸುತ್ತಿತ್ತು. ನಿಜವಾಗಿ ಜಾರಿತೋ, ಅವನ ಎದೆಯೇ ಹಾಗೆ ಸದ್ದು ಮಾಡಿತೋ ಅವನಿಗೇ ತಿಳಿಯದು. ಬಡಗಣದಲ್ಲಿ ಧೂಳೆದ್ದರೆ ಕೈಯ ತುತ್ತು ಕೈಯಲ್ಲೇ. ಕುರಿಮಂದೆಯ ಧೂಳು ಅಂತ ಗೊತ್ತಾದ ಮೇಲೂ ಆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಜನ ಮಾತ್ರ ಅವನನ್ನು ಕಂಡು ಹೆಮ್ಮೆಪಡುತ್ತಿದ್ದರು: ಸಾಹುಕಾರರಿಗೆ ಊರಿನ ಮೇಲೆ ಎಷ್ಟು ಕಾಳಜಿ, ದಿನಾ ಗೋಡೆ ನೋಡಿ ಬರುತ್ತಾರೆ!

ಗೋಡೆಯ ಸುದ್ದಿ ಕೇಳಿಯೋ ಏನೋ ಸವಾರರು ಆ ಕಡೆ ಸುಳಿಯಲಿಲ್ಲ, ಎರಡು ಮಳೆಗಾಲ ಕಳೆಯಿತು. ನೀರು ಒಳಗಿಳಿಯಿತು, ಮಣ್ಣು ಉಬ್ಬಿತು. ಗೋಡೆ ಹೊಟ್ಟೆ ಬಿಟ್ಟಿತು. ನಡುವಿನಲ್ಲಿ ಉಬ್ಬಿ ಮುಂದಕ್ಕೆ ಬಂತು. ಬಾವಿಕಟ್ಟೆಯ ಹೆಂಗಸರು ಅದನ್ನು ನೋಡಿ ತಮಾಷೆ ಮಾಡಿದರು. "ಒಡೆಯನ ಹಾಗೇ ಗೋಡೇಗೂ ಹೊಟ್ಟೆ ಬಂತು ಕಣ್ರೇ" ಅಂದಳು ಒಬ್ಬಳು. ಸಾಹುಕಾರ ತನ್ನ ಹೊಟ್ಟೆಯನ್ನು ತಟ್ಟಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕ. ಮರುದಿನ ಆಳುಗಳನ್ನು ಕಳಿಸಿ ಗೋಡೆಗೆ ಮೇಲಿನಿಂದ ಗಾರೆ ಮೆತ್ತಿಸಿದ. ಹೊಟ್ಟೆ ಮುಚ್ಚಿತು.

ಬಿಚ್ಚಿ ಕಟ್ಟಬಾರದಿತ್ತೇ ಅಂತ ನೀವು ಕೇಳಬಹುದು. ಬಿಚ್ಚಿದರೆ ಯಾಕೆ ಬಿಚ್ಚಿದೆ ಅಂತ ಊರು ಕೇಳುತ್ತದಲ್ಲ! ಕೊಯ್ಲು ಮುಗಿಯಲಿ, ಹೇಳುತ್ತೇನೆ ಅಂದುಕೊಂಡ. ಕೊಯ್ಲು ಮುಗಿಯಿತು. ಮಗಳ ಮದುವೆ ಆಗಲಿ ಅಂದುಕೊಂಡ, ಮದುವೆ ಆಯಿತು. ಮಗಳು ಬಸುರಿಯಾದಳು, ಹೆರಿಗೆ ಆಗಲಿ, ಆಮೇಲೆ ಖಂಡಿತ ಅಂದುಕೊಂಡ. ಭಯಪಡುವವನಿಗೆ ಯಾವಾಗಲೂ ಇನ್ನೊಂದು ತಿಂಗಳು ಬೇಕು.

ಮೂರನೇ ವರ್ಷ ಕೊಯ್ಲಿನ ಕಾಲ. ಒಂದು ಬೆಳಿಗ್ಗೆ ಬಡಗಣದಲ್ಲಿ ಧೂಳೆದ್ದಿತು. ಈ ಸಲ ಕುರಿಗಳಲ್ಲ. ಧೂಳಿನ ಕೆಳಗೆ ಕುದುರೆಗಳಿದ್ದವು. ಕಾವಲು ಗೋಪುರದ ಮೇಲೆ ಹೊಗೆಯೆಬ್ಬಿಸಿ ಊರಿಗೆ ಸುದ್ದಿ ಕೊಟ್ಟರು. ದಂಡನಾಯಕನ ಹಡಗುಗಳು ಜಲಸಂಧಿಯಲ್ಲಿ ಅಥೆನ್ಸಿನ ಹಡಗುಗಳಿಗೆ ಹೊಂಚು ಹಾಕುತ್ತಾ ದೂರ ಹೋಗಿದ್ದವು. ಊರಿನ ಗಂಡಸರು ಗೋಡೆ ಹತ್ತಿದರು. ದಂಡನಾಯಕ ಹೇಳಿದ್ದ ಹಾಗೆಯೇ ಉಳಿದವರು ಮಾಡಿದರು. ಮುದುಕಿಯರು ಕೋಲೂರಿಕೊಂಡು, ತಾಯಂದಿರು ಕೂಸುಗಳನ್ನು ಕಂಕುಳಿಗೆ ಹಾಕಿಕೊಂಡು ಬಂದರು. ಬಂದು ಎಲ್ಲಿ ಕೂತರು? ಸಾಹುಕಾರನ ಗೋಡೆಯ ಹಿಂದೆ. ದಿನ ತುಂಬಿದ ಅವನ ಮಗಳು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು.

"ನಿಮ್ಮ ಗೋಡೆ ತಂಪಾಗಿದೆ ಅಪ್ಪಾ" ಅಂದಳು.

ಆಗಲೂ ಸಾಹುಕಾರ ನಿಜ ಹೇಳಲಿಲ್ಲ, ನೋಡಿ. ಇಲ್ಲಿ ಬಿಸಿಲು ಜಾಸ್ತಿ, ಪಕ್ಕಕ್ಕೆ ಹೋಗಿ ಅಂದ. ಒಬ್ಬ ಮುದುಕಿ ಅವನನ್ನು ಕನಿಕರದಿಂದ ನೋಡಿದಳು. "ಬಿಸಿಲಿಗೆ ಸಾಯಲ್ಲ ಧಣಿ, ಕುದುರೆ ಕಾಲಿಗೆ ಸಾಯ್ತೀವಿ. ಇಲ್ಲೇ ಇರ್ತೀವಿ." ಗೋಡೆಯ ಬುಡದಲ್ಲಿ ಹಾವಿದೆ ಅಂದ. "ಯಾವ ಗೋಡೆ ಗಟ್ಟಿ ಅಂತ ಹಾವಿಗೂ ಗೊತ್ತು ಬಿಡಿ" ಅಂತ ಇನ್ನೊಬ್ಬಳು ಕೂಸನ್ನು ಎದೆಗೆ ಹಾಕಿಕೊಂಡಳು. ದಂಡನಾಯಕರ ಅಪ್ಪಣೆಯಾಗಿದೆ, ಏಳಿ ಅಂದ. ಇಲ್ಲಿ ಕೂರಿ ಅಂದವರೇ ದಂಡನಾಯಕರಲ್ಲವೇ ಅಂತ ಕೇಳಿದರು. ಒಂದಲ್ಲ, ಎರಡಲ್ಲ, ಮೂರು ಸುಳ್ಳು. ಒಂದು ಸುಳ್ಳಿಗೂ ಒಂದು ಕೂಸೂ ಅಲ್ಲಿಂದ ಕದಲಲಿಲ್ಲ.

ಹೊರಗೆ ಮರದ ದಿಮ್ಮಿ ಎಳೆದು ತರುವ ಸದ್ದು ಕೇಳಿಸಿತು. ಗಾರೆಯ ಒಂದು ಚಕ್ಕೆ ಮಗಳ ಹೆಗಲ ಮೇಲೆ ಬಿತ್ತು. ಅವಳು ಅದನ್ನು ಕೊಡವಿಕೊಂಡಳು. ಕೊಡವಿದ ಆ ಕೈಯನ್ನು ನೋಡಿದಾಗ ಸಾಹುಕಾರನ ಬಾಯಿ ತೆರೆಯಿತು.

"ಇದರಲ್ಲಿ ಅಡ್ಡಗಲ್ಲಿಲ್ಲ. ಒಂದೂ ಇಲ್ಲ. ಮೊದಲು ಮುಗಿಸಬೇಕು ಅಂತ ನಾನೇ ಹಾಕಿಸಲಿಲ್ಲ. ಇದು ಟೊಳ್ಳು. ಎದ್ದು ಆ ಕುಂಬಾರಮ್ಮನ ಗೋಡೆ ಹಿಂದಕ್ಕೆ ಹೋಗಿ. ನಿಮ್ಮ ಕಾಲಿಗೆ ಬೀಳ್ತೀನಿ."

ಬೈಯುವುದಕ್ಕೂ ಹೊತ್ತಿರಲಿಲ್ಲ. ಎದ್ದರು. ಮುದುಕಿಯರನ್ನು ಎತ್ತಿಕೊಂಡರು, ಮಕ್ಕಳನ್ನು ಎಳೆದುಕೊಂಡರು, ಹಲ್ಲು ಚಾಚಿದ ಆ ವಿಕಾರದ ಗೋಡೆಯ ಹಿಂದಕ್ಕೆ ಸರಿದರು. ಕುಂಬಾರ ಹೆಂಗಸು ಬಸುರಿಗೆ ತನ್ನ ಸೆರಗು ಹಾಸಿದಳು.

ಆದರೆ ಗೋಡೆಯ ಮೇಲಿದ್ದವರು? ಅವರು ಕೆಳಗಿನ ಮಾತು ಕೇಳಿರಲಿಲ್ಲ. ಮುದುಕ ಮೇಸ್ತ್ರಿ ಕುಂಟುತ್ತಾ ಏಣಿ ಹತ್ತಿದ. ಒಬ್ಬೊಬ್ಬರ ರಟ್ಟೆ ಹಿಡಿದು ಇಳಿಸಿದ. ಹನ್ನೊಂದು ಜನ ಇಳಿದರು. ಅವನು ಕೊನೆಯವನು. ಕುಂಟು ಕಾಲು ಏಣಿಯ ಮೊದಲ ಮೆಟ್ಟಿಲನ್ನು ಹುಡುಕುತ್ತಿರುವಾಗ ಹೊರಗೆ ದಿಮ್ಮಿ ಗುದ್ದಿತು. ಒಂದೇ ಗುದ್ದು. ಗಾರೆ ಮೆತ್ತಿದ ಹೊಟ್ಟೆ ಒಡೆದು ಒಳಗಿನ ಮಣ್ಣೆಲ್ಲ ಸುರಿಯಿತು. ಎರಡು ಮುಖ ಎರಡು ಕಡೆಗೆ ಬಿದ್ದವು. ಗೋಡೆಗೆ ಬಾಯಿಲ್ಲ ಅಂದಿದ್ದನಲ್ಲ ಸಾಹುಕಾರ, ಅದು ಅಷ್ಟು ಹೊತ್ತು ಮುಚ್ಚಿಕೊಂಡಿದ್ದದ್ದೇ ಹೆಚ್ಚು.

ಗೋಡೆ ಬಿದ್ದ ಜಾಗಕ್ಕೆ ಜನ ಬಂಡಿಗಳನ್ನು ಅಡ್ಡ ತಳ್ಳಿ ನಿಂತರು. ಸಾಹುಕಾರನೂ ನಿಂತ. ಬಂಡಿಗಳನ್ನು ದಾಟಲಾಗದೆ ಮಧ್ಯಾಹ್ನದ ಹೊತ್ತಿಗೆ ಸವಾರರು ಹಿಂದಿರುಗಿದರು. ಊರು ಉಳಿಯಿತು. ಮೇಸ್ತ್ರಿಯ ಹೆಣವನ್ನು ಕಲ್ಲಿನ ಕೆಳಗಿನಿಂದ ಹೊರಗೆ ತೆಗೆದರು.

ಆ ಸಾಯಂಕಾಲ ಮಗಳು ಬಂದು ಅಪ್ಪನ ಎದುರು ನಿಂತಳು. ಅವಳ ಹೆಗಲ ಮೇಲೆ ಇನ್ನೂ ಗಾರೆಯ ಪುಡಿ ಇತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಎಷ್ಟು ದಿನದಿಂದ ಗೊತ್ತಿತ್ತು ಅಪ್ಪಾ?"

ಅವನಿಗೆ ದಿನದ ಎಣಿಕೆ ಬಾಯಿಪಾಠವಾಗಿತ್ತು.

ಈಗ ನಮ್ಮ ಕಡೆಗೆ ಬರೋಣ. ಇಲ್ಲಿ ಕೂತ ನಿಮ್ಮಲ್ಲಿ ಯಾರೂ ಕೋಟೆ ಕಟ್ಟಿಲ್ಲ, ನಿಜ. ಆದರೆ ನಿಮಗೆ ಬೆನ್ನು ಕೊಟ್ಟು ಕೂತವರು ಇಲ್ಲವೇ? ಬಾಡಿಗೆಗೆ ಕೊಟ್ಟ ಮನೆಯ ಬಚ್ಚಲಲ್ಲಿ ಗೀಜರ್ ಮುಟ್ಟಿದರೆ ಜುಮ್ಮೆನ್ನುತ್ತದೆ, ನಿಮಗೆ ಗೊತ್ತಿದೆ. ಬಾಡಿಗೆಯವರ ಮಗು ಅಲ್ಲೇ ಸ್ನಾನ ಮಾಡುತ್ತದೆ. ಬ್ರೇಕ್ ಸರಿಯಿಲ್ಲದ ಸ್ಕೂಟರನ್ನು ಭಾವಮೈದುನನಿಗೆ ಕೊಟ್ಟಿದ್ದೀರಿ, ಗೊತ್ತಿದೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ, ಹೆಂಡತಿಗೆ ಹೇಳಿಲ್ಲ. ಅವಳು ನಿಮ್ಮನ್ನೇ ಗೋಡೆ ಅಂದುಕೊಂಡು ಒರಗಿದ್ದಾಳೆ. ಕೇಳಿದವರಿಗೆ ಏನು ಹೇಳುತ್ತಿದ್ದೀರಿ? ಬಿಸಿಲು ಅನ್ನುತ್ತಿದ್ದೀರಿ, ಹಾವು ಅನ್ನುತ್ತಿದ್ದೀರಿ. ಮೇಲೆ ಗಾರೆ ಮೆತ್ತುತ್ತಿದ್ದೀರಿ.

ನಿಮ್ಮ ಎದೆಯಲ್ಲಿ ಆ ಭಯ ಇದ್ದರೆ ಅದನ್ನು ಓಡಿಸುವುದಕ್ಕೆ ಮಂತ್ರ ಕೇಳಬೇಡಿ, ತಾಯಿತ ಕಟ್ಟಿಸಬೇಡಿ. ಅದು ಶತ್ರುವಲ್ಲ. ಬಾಗಿಲು ತಟ್ಟಿ ನಿಮ್ಮನ್ನು ಎಬ್ಬಿಸಲು ಬಂದದ್ದು. ಸಾಹುಕಾರನ ಬಾಗಿಲನ್ನು ಅದು ಮೂರು ವರ್ಷ ತಟ್ಟಿತು.

ತಪ್ಪು ಆಗುತ್ತದೆ, ನಾವೆಲ್ಲ ಅವಸರದ ಜನ. ಆದರೆ ಇವತ್ತು ಮನೆಗೆ ಹೋದವರು ತಟ್ಟೆಯ ಮುಂದೆ ಕೂರುವ ಮೊದಲು, ನಿಮಗೆ ಒರಗಿಕೊಂಡ ಆ ಒಬ್ಬರ ಹತ್ತಿರ ಹೋಗಿ. ಸುತ್ತಿ ಬಳಸಿ ಬೇಡ. ಇಲ್ಲಿ ಅಡ್ಡಗಲ್ಲಿಲ್ಲ, ಸ್ವಲ್ಪ ಆಚೆ ಸರಿಯಿರಿ, ಸರಿ ಮಾಡುತ್ತೇನೆ ಅನ್ನಿ. ನಾಚಿಕೆಯಾಗುತ್ತದೆ, ಆಗಲಿ. ಎಲೆಯ ಕಿರೀಟ ತಾನೆ ಹೋಗುವುದು? ಎಷ್ಟು ದಿನದಿಂದ ಗೊತ್ತಿತ್ತು ಅಂತ ಅವರು ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ. ಅದಕ್ಕೆ ನೀವು ಕೊಡಬೇಕಾದ ಉತ್ತರ ಇವತ್ತು ಎಷ್ಟಿದೆಯೋ, ನಾಳೆಗೆ ಅದು ಒಂದು ದಿನ ಉದ್ದವಾಗಿರುತ್ತದೆ. ಇವತ್ತೇ ಹೇಳಿ.