ಓಬಯ್ಯನ ರಕ್ತ

ಆ ಟಿವಿ ಒಂಚೂರು ಆಫ್ ಮಾಡ್ರಪ್ಪ. ಇದು ಕಟ್ಟುಕತೆ ಅಲ್ಲ. ನಮ್ಮ ದೊಡ್ಡಮ್ಮನ ಮಗ ಉಜ್ಜನಪ್ಪನಿಗೆ ಆಗಿದ್ದು, ಎರಡು ಸಾವಿರದ ಎರಡನೇ ಇಸವಿಯಲ್ಲಿ.

ಭದ್ರಾವತಿ ದಾಟಿದ ಮೇಲೆ, ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಶೆಡ್ಡು. ಅಲ್ಲಿ ಶಿಫ್ಟು ಮುಗಿಸಿ, ಕೊನೇ ಬಸ್ಸಿಗೆ ಶಿವಮೊಗ್ಗಕ್ಕೆ ಬಂದು, ರಾಗಿಗುಡ್ಡದ ಕಡೆ ನಡ್ಕೊಂಡು ಹೋಗ್ತಿದ್ದ. ಹೊಟ್ಟೆ ಹಿಂಡೋ ನೋವು. ತಲೆ ತುಂಬ ಒಂದೇ ಯೋಚನೆ... ನಾಳೆ ರಕ್ತ ಪರೀಕ್ಷೆ.

ಆ ಶೆಡ್ಡಲ್ಲೊಂದು ಕಳ್ಳ ಪದ್ಧತಿ. ವರ್ಷಕ್ಕೊಮ್ಮೆ ನರ್ಸ್ ಬಂದಾಗ ಹಳಬರ ಹೆಸರಲ್ಲಿ ಹೊಸಬರು ತೋಳು ಒಡ್ಡೋದು. ರಕ್ತದಲ್ಲಿ ಸೀಸ ಜಾಸ್ತಿ ಬಂದ್ರೆ ಕೆಲಸ ಹೋಗುತ್ತೆ ಅಂತ ಹಳಬರೂ ಸುಮ್ನಿರ್ತಿದ್ರು. ಉಜ್ಜನಪ್ಪ ಹೊಸಬನಾಗಿದ್ದಾಗ ಓಬಯ್ಯ ಅನ್ನೋ ಹಳಬನ ಹೆಸರಲ್ಲಿ ರಕ್ತ ಕೊಟ್ಟಿದ್ದ. ರಿಪೋರ್ಟು ಕ್ಲೀನ್. ಓಬಯ್ಯ ಇನ್ನೂ ಮೂರು ವರ್ಷ ಕುಲುಮೆ ಮುಂದೆ ನಿಂತ. ಆಮೇಲೆ ಹೊಟ್ಟೆಯ ಕ್ಯಾನ್ಸರ್ ಆಗಿ ತೀರಿಕೊಂಡ. ಮೇಸ್ತ್ರಿ ಷಣ್ಮುಖಪ್ಪ ಅದೇ ರಿಪೋರ್ಟು ಹಿಡ್ಕೊಂಡು, "ಸೀಸ ಅಲ್ಲಮ್ಮ, ಬೀಡಿ ಸೇದಿ ಬಂದಿದ್ದು" ಅಂತ ಅವನ ಹೆಂಡತಿ ಸತ್ಯಭಾಮಳ ಬಾಯಿ ಮುಚ್ಚಿಸಿದ. ಯಾವುದರಿಂದ ಬಂತೋ ದೇವರಿಗೇ ಗೊತ್ತು. ಅವನ ರಕ್ತ ಯಾರು ನೋಡಿದ್ರು?

ಈಗ ಉಜ್ಜನಪ್ಪನೇ ಹಳಬ. ಅವನ ಹೆಸರಿಗೂ ಮೇಸ್ತ್ರಿ ಒಬ್ಬ ಹೊಸಬನನ್ನ ಗೊತ್ತು ಮಾಡಿದ್ದ.

ಗುಡ್ಡದ ಬುಡದ ಹಾಳುಬಾವಿ ಹತ್ರ ಬಂದ...

ಟಪ್. ಟಪ್. ಟಪ್.

ನೀರು ತೊಟ್ಟಿಕ್ಕೋ ಸದ್ದಲ್ಲ. ಸೂಜಿ ಚುಚ್ಚೋಕೆ ಮುಂಚೆ ಎರಡು ಬೆರಳಲ್ಲಿ ತೋಳು ತಟ್ಟಿ ನರ ಎಬ್ಬಿಸ್ತಾರಲ್ಲ... ಅದು.

ನಾಳೆ ನರ್ಸ್ ಹತ್ರ ಬಾಯಿ ಬಿಡದಿರ್ಲಿ ಅಂತ ಮೇಸ್ತ್ರಿ ಯಾರನ್ನೋ ಕೂರಿಸಿ ಹೆದರಿಸ್ತಿದಾನಾ ಅಂತ ಅನುಮಾನ ಬಂತು. ಇಣುಕಿ ನೋಡಿದ. ಬಾವಿಕಟ್ಟೆ ಮೇಲೆ ಓಬಯ್ಯ, ಅಂಗಿ ತೋಳು ಮೇಲಕ್ಕೆ ಮಡಚಿ ಕೂತಿದಾನೆ. ಸತ್ತು ಐದು ತಿಂಗಳಾಗಿತ್ತು.

"ಓಬಣ್ಣ..."

"ನಾಳೆ ಯಾರ ರಕ್ತ ಕೊಡ್ತೀಯ, ಮಾರಾಯ?"

"ಮೇಸ್ತ್ರಿ... ಹೇಳ್ದಂಗೆ."

"ನಾನೂ ಹಂಗೇ ಅಂದಿದ್ದೆ." ಟಪ್. ಟಪ್. "ನಂದು ಯಾರೂ ನೋಡ್ಲೇ ಇಲ್ಲ."

ಉಜ್ಜನಪ್ಪ ಓಡಿದ್ದೊಂದೇ ಗೊತ್ತು. ರಾತ್ರಿಯೆಲ್ಲ ಮಲಗಿದ್ದ ಹೆಂಡತಿ ಮಕ್ಕಳ ಮುಖ ನೋಡ್ತಾ ಕೂತಿದ್ದನಂತೆ. ಪಾಪ, ಅಷ್ಟು ಹೆದರಿದ್ದ.

ಬೆಳಿಗ್ಗೆ ಹೊಸಬನನ್ನ ಪಕ್ಕಕ್ಕೆ ಸರಿಸಿ ತಾನೇ ತೋಳು ಚಾಚಿದ.

"ಕೆಲಸ ಹೋಗುತ್ತೆ ಕಣೋ," ಮೇಸ್ತ್ರಿ ಕಿವಿಯಲ್ಲಿ ಅಂದ.

"ಹೋಗ್ಲಿ."

ಹೋಯ್ತು. ವಾರದ ಮೇಲೆ ರಿಪೋರ್ಟು ಬಂತು. ಸೀಸ ಮಿತಿ ಮೀರಿತ್ತು, ನೆಟ್ಟಗೆ ಆಸ್ಪತ್ರೆಗೆ ಸೇರಿಸಿದ್ರು, ಬದುಕಿಕೊಂಡ. ಆದ್ರೆ ಅವನ ಹೆಸರಿನ ಕೆಳಗೆ ಇನ್ನೊಂದು ಹೆಸರು. ಓಬಯ್ಯ. ಸೀಸ ಉಜ್ಜನಪ್ಪನದಕ್ಕಿಂತ ಎರಡು ಪಟ್ಟು.

ಇದು ಉಜ್ಜನಪ್ಪನದೇ ಕಿತಾಪತಿ ಅಂತ ಮೇಸ್ತ್ರಿ ನರ್ಸ್ ಹತ್ರ ವಿಚಾರಿಸಿದ. ಆಯಮ್ಮ ಸೀದಾ ಹೇಳಿದ್ಳು: "ಎಲ್ರೂ ಹೋದ್ಮೇಲೆ ಒಬ್ರು ಬಂದ್ರಲ್ಲ. ಹೆಸರು ಎರಡೆರಡು ಸಲ ಹೇಳಿ ಬರೆಸಿದ್ರು. ಕೈ ತುಂಬ ತಣ್ಣಗಿತ್ತು, ನರ ಸಿಗೋದೇ ಕಷ್ಟ ಆಯ್ತು."

ನಂಬೋದಾದ್ರೆ ನಂಬಿ. ಆ ಹಾಳೆ ಸತ್ಯಭಾಮಕ್ಕನ ಟ್ರಂಕಲ್ಲಿದೆ. ತಾರೀಖು ನಾನೇ ಓದಿದೀನಿ.