ಹಿಂದಿನ ಕೋಣೆಯ ಹಕ್ಕು

ಮಳೆ ಹಿಡಿದಿತ್ತು, ಕರೆಂಟು ಹೋಗಿತ್ತು. ನೋಂದಣಿ ಕಚೇರಿಯ ಕಂಪ್ಯೂಟರುಗಳು ಏಳುವವರೆಗೆ ಮನೆ ಕೊಳ್ಳುವವರು, ಮಾರುವವರು ಎಲ್ಲ ಎದುರಿನ ಕ್ರಯಪತ್ರ ಬರೆಯುವ ಅಜ್ಜನ ಕೋಣೆಯಲ್ಲಿ ಒತ್ತಿಕೊಂಡು ಕೂತೆವು. ಮನೆ ಕೊಳ್ಳಲು ಬಂದಿದ್ದ ನರ್ಸೊಬ್ಬಳು, ಮನೆಯ ಒಳಗನ್ನು ಇನ್ನೊಮ್ಮೆ ನೋಡಿ ಬಾ ಎಂದ ಅಜ್ಜನನ್ನು, ಕಾಗದಗಳೆಲ್ಲ ಸರಿಯಿರುವಾಗ ಯಾಕೆ ನೋಡಬೇಕು ಎಂದು ಕೇಳಿದಳು. ಅಜ್ಜ ಪೆನ್ನಿಗೆ ಮುಚ್ಚಳ ಹಾಕಿ, ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡರು.

"ಯಾಕೆ ನೋಡಬೇಕು ಅಂತೀಯಲ್ಲಮ್ಮ... ಹೇಳ್ತೀನಿ ಕೇಳು. ನನಗಾಗ ಮೂವತ್ತೂ ತುಂಬಿರಲಿಲ್ಲ. ಮುತ್ತು ಪೋಣಿಸಿದ ಹಾಗೆ ಬರೀತಾನೆ ಅಂತ ಊರೆಲ್ಲ ಹೊಗಳ್ತಿತ್ತು, ನಾನೂ ಉಬ್ಬಿಹೋಗಿದ್ದೆ. ಒಂದು ದಿನ ನನ್ನ ಜೊತೆ ಶಾಲೇಲಿ ಓದಿದವನು ಅಪ್ಪನ ಮನೆ ಮಾರೋದಕ್ಕೆ ಕಾಗದದ ಕಟ್ಟು ಹಿಡ್ಕೊಂಡು ಬಂದ. ಬಿಚ್ಚಿ ನೋಡ್ತೀನಿ, ಅದರಲ್ಲಿ ಅವರಪ್ಪನ ಉಯಿಲು. ಮನೆ ಮಗನಿಗೆ, ಸರಿ. ಆದರೆ ಹಿಂದಿನ ಕೋಣೇಲಿ ಮಗಳು ಉಸಿರಿರೋವರೆಗೆ ಇರಬೇಕು, ಅವಳನ್ನ ಯಾರೂ ಏಳಿಸಬಾರದು ಅಂತ ಬರೆದಿತ್ತು. ಮಗಳು ಅಂದ್ರೆ ಇವನ ಅಕ್ಕ. ಮದುವೆ ಆಗಿರಲಿಲ್ಲ, ದರ್ಜಿಗಳಿಗೆ ಅಂಗಿ ಗುಂಡಿಯ ಕಾಜಾ ಹೊಲಿದುಕೊಡ್ತಾ ಅಲ್ಲೇ ಇದ್ದಳು. ಇದೇನಪ್ಪಾ ಅಂದೆ. ಒಪ್ಪಿದ್ದಾಳೆ, ಬರಿ ಅಂದ. ಒಪ್ಪಿದ್ರೆ ಅವಳ ರುಜು ಬೇಕು ಅಂತ ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು... ಕೊಳ್ಳೋರು ಬಾಗಿಲಲ್ಲಿ ಕೂತಿದ್ರು, ಕಚೇರಿ ಮುಚ್ಚೋ ಹೊತ್ತಾಗಿತ್ತು, ಗೆಳೆಯನಿಗೆ ಇಲ್ಲ ಅನ್ನೋಕೆ ದಾಕ್ಷಿಣ್ಯ. ಉಯಿಲನ್ನ ಮಡಚಿ ಅವನ ಕೈಗೇ ಕೊಟ್ಟೆ. 'ಬೇರೆ ಯಾರ ಹಕ್ಕೂ ಇಲ್ಲ, ಪೂರಾ ಖಾಲಿ ಮಾಡಿ ಸ್ವಾಧೀನ ಕೊಟ್ಟಿದ್ದೇನೆ' ಅಂತ ಪತ್ರದಲ್ಲಿ ಬರೆದೆ.

ಹದಿನೈದು ದಿನ ಆಗಿರಬೇಕು, ಆಕೆ ಬಂದಳು. ಅವಳ ಹಾಸಿಗೆ, ಪೆಟ್ಟಿಗೆ ಎಲ್ಲ ಅಂಗಳಕ್ಕೆ ಬಿದ್ದಿತ್ತಂತೆ. ಉಯಿಲೇ ಇಲ್ಲ ಅಂತ ಅವಳ ತಮ್ಮ ಕೈ ಕೊಡವಿದ್ದ. ಇದೇ ಮೇಜಿನ ಎದುರು ನಿಂತು, ಅಳಲಿಲ್ಲ, ಕೂಗಾಡಲಿಲ್ಲ, ಒಂದೇ ಮಾತು ಕೇಳಿದಳು: 'ಅಪ್ಪ ಬರೆದಿದ್ದನ್ನ ನೀವು ಓದಿದ್ರಿ ಅಲ್ವಾ?' ನಾನು... ಇಲ್ಲಮ್ಮ, ನೋಡೇ ಇಲ್ಲ ಅಂದೆ. ಹೌದು ಅಂದಿದ್ರೆ ನನ್ನ ಲೈಸೆನ್ಸು ಹೋಗ್ತಿತ್ತು, ಪ್ರಾಣ ಹೋಗ್ತಿರಲಿಲ್ಲ. ಪ್ರಾಣ ಹೋಗಿದ್ದು ಅವಳದು. ಯಾರದೋ ಜಗುಲಿ ಮೇಲೆ, ಜ್ವರ ಬಂದು, ತಿಂಗಳು ತುಂಬೋದ್ರೊಳಗೆ.

ಆಮೇಲೆ ಶುರುವಾಯ್ತು. ಕೊಂಡವರು ಆ ಕೋಣೆಗೆ ಹೊರಗಿಂದ ಬೀಗ ಹಾಕಿದ್ರೆ ಒಳಗಿಂದ ಅಗುಳಿ ಬೀಳೋದು. ಬಡಗಿ ಕರೆಸಿ ಬಾಗಿಲನ್ನೇ ಕಿತ್ತರು. ಬಾಗಿಲೇ ಇಲ್ಲದ ಕೋಣೇಲಿ ಅಗುಳಿ ಸದ್ದು ನಿಲ್ಲಲಿಲ್ಲ, ಏನಂತೀರಿ? ಅವರು ಮಾರಿದರು, ಅವರಿಂದ ಕೊಂಡವರೂ ಮಾರಿದರು. ಪತ್ರಕ್ಕೆ ನನ್ನ ಹತ್ತಿರಾನೇ ಬರೋರು, ಖಾಲಿ ಇದೆ ಅಂತ ಬರೀರಿ ಅನ್ನೋರು. ಮೂರನೇ ಸಲ ಕೈ ಏಳಲಿಲ್ಲ. ಹೋಗಿ ನೋಡಿದೆ. ಹಗಲು ಹನ್ನೊಂದು ಗಂಟೆ, ಒಳ್ಳೆ ಬಿಸಿಲು. ಹೊಸಿಲ ಈಚೆ ನಿಂತು, 'ಅಮ್ಮ, ನಾನು ಓದಿದ್ದೆ' ಅಂದೆ. ಒಳಗೆ ಯಾರೂ ಕಾಣಲಿಲ್ಲ. ನೂಲನ್ನ ಹಲ್ಲಲ್ಲಿ ಕಡಿದ ಸದ್ದಾಯ್ತು... ಆಮೇಲೆ, 'ಗೊತ್ತು' ಅಂದಳು.

ಆ ಮನೆ ನಾನೇ ಕೊಂಡೆ. ಪತ್ರದಲ್ಲಿ ಅವಳ ಹಕ್ಕಿಗೆ ಒಂದು ಸಾಲು ಬರೆದೆ. ಸತ್ತವರಿಗೆಂಥ ಹಕ್ಕು ಅಂತ ಅಧಿಕಾರಿ ಹೊಡೆದುಹಾಕಿದ. ಕಾನೂನಿನ ಪ್ರಕಾರ ಅವನು ಹೇಳಿದ್ದು ಸರೀನೇ."

ಈಗ ಎಲ್ಲ ಶಾಂತವಾಯಿತೇ ಎಂದು ನರ್ಸು ಮೆಲ್ಲಗೆ ಕೇಳಿದಳು.

"ನಾವು ಮುಂದೆ, ಅವಳು ಹಿಂದೆ. ಮೂವತ್ತೆಂಟು ವರ್ಷ ಆ ಕೋಣೇಲಿ ಒಂದು ಪೊರಕೆ ಕೂಡ ಇಟ್ಟಿಲ್ಲ. ಈಗ ಮಗ ಮನೆ ಮಾರೋಣ ಅಂತಿದ್ದಾನೆ. ಎಲ್ಲ ಹೇಳಿದೆ ಅವನಿಗೆ. ನಕ್ಕ... ಇವತ್ತು ಬೆಳಗ್ಗೆ ಹೊರಡುವಾಗ, ಇಷ್ಟು ವರ್ಷದಲ್ಲಿ ಮೊದಲ ಸಲ, ಅವಳಾಗೇ ಮಾತಾಡಿದಳು. 'ಮಗನೂ ನಿಮ್ಮ ಹಾಗೇನಾ?' ಅಂದಳು. ಛತ್ರಿ ಹಿಡ್ಕೊಂಡು ಬಂದುಬಿಟ್ಟೆ. ಸಂಜೆ ಮನೆಗೆ ಹೋಗಿ ಅವಳಿಗೆ ಹೇಳಬೇಕಲ್ಲ..."