ಫ್ರೀ ಅಂದರೆ

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಇಂಗ್ಲಿಷ್ ಟೀಚರ್ ಸುಕನ್ಯಾ ಮಕ್ಕಳ ಟೆಸ್ಟ್ ಪೇಪರ್ ತಿದ್ದುತ್ತಿದ್ದಳು. ‘ಫ್ರೀ’ ಪದದ ಅರ್ಥ ಕೇಳಿದ್ದಕ್ಕೆ ಒಬ್ಬ ಹುಡುಗಿ ‘ಬಸ್ಸು’ ಎಂದು ಬರೆದಿದ್ದಳು. ಸುಕನ್ಯಾ ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿದಳು. ಪಕ್ಕದಲ್ಲೇ ಕೂತಿದ್ದ ವಯಸ್ಸಾದ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು.

“ಹೋದ ಸೋಮಾರ ಹಡಗಲಿಗೆ ಬಂದಿದ್ದೆ ಪಂಪಿ. ನಿಮ್ಮ ಮನಿಗೆ ಕೀಲಿ ಹಾಕಿತ್ತು.”

“ಅವತ್ತ ನಾ ಕೂಡ್ಲಿಗಿಗೆ ಹೋಗಿ ನಿನ್ನ ಬಾಗಲದಾಗ ಕುಂತಿದ್ದೆನಕ್ಕ.”

“ಹೇಳಿ ಬರಬಾರದೇನ?”

“ಟಿಕೀಟಿಗೆ ರೊಕ್ಕ ಕೊಡೋವಾಗ ವರ್ಷಕ್ಕೊಮ್ಮೆ ಹೇಳಿ ಬರ್ತಿದ್ದೆ. ಈಗ ನೆನಪಾದ ಕೂಡ್ಲೆ ಹತ್ತಿಬಿಡ್ತೀನಿ.”

“ನಂದೂ ಅದೇ ಕಥಿ. ಇನ್ನ ಮ್ಯಾಲೆ ಸೋಮಾರಕ್ಕೊಮ್ಮೆ ಇವತ್ತಿನಂಗ ಇಲ್ಲೇ ಕೂಡೋಣು. ಇಬ್ಬರಿಗೂ ಅರ್ಧ ದಾರಿ.”

“ತಗೋ, ಮಲ್ಲಿಗಿ. ಇನ್ನಾ ಮೊಗ್ಗು ಅದಾವು. ನೀ ಮನಿ ಮುಟ್ಟೋದ್ರಾಗ ಅರಳ್ತಾವ.”

ಕೂಡ್ಲಿಗಿ ಬಸ್ಸು ಬಂತು. ತಂಗಿ ಅಕ್ಕನನ್ನು ಕೈಹಿಡಿದು ಹತ್ತಿಸಿ, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಹಡಗಲಿ ಬಸ್ಸಿನ ಕಡೆ ನಡೆದಳು.

ಸುಕನ್ಯಾ ಆ ಪೇಪರನ್ನು ಮತ್ತೆ ಹುಡುಕಿ ತೆಗೆದು, ತಪ್ಪನ್ನು ಹೊಡೆದುಹಾಕಿ, ಪೂರ್ತಿ ಅಂಕ ಕೊಟ್ಟಳು.